ಕುಸ್ತಿ ಕಂಡ ವ್ಯಾನಿಟಿ ಬ್ಯಾಗು

ಜರ್ಮನಿಯ ಬೊಬ್ಲಿಂಗೆನ್ನಿನ ನಮ್ಮ ಮನೆಯ ಬಾಗಿಲ ಹಿಂದೆ, ಚಳಿಯ ಜಾಕೆಟ್ಟುಗಳ ಸಾಲಿನಲ್ಲಿ, ಒಂದು ಕಪ್ಪು ವ್ಯಾನಿಟಿ ಬ್ಯಾಗು ನೇತಾಡುತ್ತಿರುತ್ತದೆ. ಗಟ್ಟಿ ಚರ್ಮ, ಬಾಯಿಗೆ ಹಿತ್ತಾಳೆಯ ದಪ್ಪ ಕೊಂಡಿ, ಖಾಲಿ ಇದ್ದರೂ ಒಂದು ತೆಂಗಿನಕಾಯಿಯಷ್ಟು ಭಾರ. ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದವಳಲ್ಲ. ಮನೆಗೆ ಬರುವ ನಮ್ಮ ಕನ್ನಡದವರು ಅದನ್ನು ಮುಟ್ಟಿ ನೋಡಿ, ಫ್ಲೋಮಾರ್ಕ್ಟಿನ, ಅಂದರೆ ಇಲ್ಲಿಯ ಗುಜರಿ ಸಂತೆಯ, ಹಳೇ ಸಾಮಾನಾ ಎಂದು ಕೇಳುತ್ತಾರೆ. ಅಲ್ಲ, ಕುಸ್ತಿ ಅಖಾಡದಿಂದ ಬಂದದ್ದು ಎಂದರೆ ನಗುತ್ತಾರೆ. ಕೊಟ್ಟವರು, ಇನ್ನು ನಮ್ಮ ಮನೆಯಲ್ಲಿ ಇದಕ್ಕೆ ಕೆಲಸ ಇಲ್ಲ ಎಂದು ಹೇಳಿ ಕೊಟ್ಟರು ಎಂದರೆ ಇನ್ನೂ ನಗುತ್ತಾರೆ. ನೀವೂ ನಗುತ್ತಿದ್ದೀರಿ, ಗೊತ್ತು. ಇರಲಿ, ಕೂತುಕೊಳ್ಳಿ, ಕಾಫಿ ಆಗುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ಕಾಫಿ ಆರಿ ತಣ್ಣಗಾದರೂ ಇವಳ ಕತೆ ಮುಗಿಯುವುದಿಲ್ಲ ಎನ್ನುವುದು ನನ್ನ ಗಂಡ ಪ್ರವೀಣನ ಅಭಿಪ್ರಾಯ. ಅವನ ಮಾತಿಗೆ ಕಿವಿಗೊಡಬೇಡಿ.

ಕುಸ್ತಿಯ ವಿಷಯದಲ್ಲಿ ನಾನು ಕಡಿಮೆಯವಳಲ್ಲ. ಮಂಗಳೂರಿಗೆ ಕೇಬಲ್ ಟೀವಿ ಹೊಸತಾಗಿ ಬಂದ ಕಾಲದಲ್ಲಿ ಬೆಳೆದವಳು. ಅಂಗಡಿಯಲ್ಲಿ ಆಗ ಕುಸ್ತಿಪಟುಗಳ ಟ್ರಂಪ್ ಕಾರ್ಡು ಸಿಗುತ್ತಿತ್ತು, ಒಬ್ಬೊಬ್ಬರ ಫೋಟೋ, ಕೆಳಗೆ ಎತ್ತರ, ತೂಕ, ಎದೆ, ತೋಳು. ಹದಿಮೂರರ ಮಗ್ಗಿ ತಡವರಿಸುತ್ತಿದ್ದ ನನಗೆ ಅಮೆರಿಕದ ಅಷ್ಟೂ ದಾಂಡಿಗರ ಎದೆಯ ಸುತ್ತಳತೆ ಬಾಯಿಪಾಠ. ಅಣ್ಣನೊಂದಿಗೆ ಆಡಲು ಕೂತರೆ ಅಷ್ಟೂ ಕಾರ್ಡು ಸೋತು ಅವನು ಅಳುವವರೆಗೆ ನಾನು ಏಳುತ್ತಿರಲಿಲ್ಲ.

ಆದರೆ ನಮ್ಮ ಮನೆಯ ನಿಜವಾದ ಕುಸ್ತಿ ಭಕ್ತೆ ನಾನಲ್ಲ, ನನ್ನ ಅಜ್ಜಿ. ಶನಿವಾರ ಸಂಜೆ ಟೀವಿಯ ಎದುರು ಕಾಲು ಚಾಚಿ, ಮಡಿಲಲ್ಲಿ ಬಸಳೆ ಸೊಪ್ಪು ಹಾಕಿಕೊಂಡು ಕೂತರೆಂದರೆ ಆಯಿತು. ಒಳ್ಳೆಯವನ ಕಣ್ಣಿಗೆ ಕೆಟ್ಟವನು ಬೆರಳು ಹಾಕಿದ ಕೂಡಲೇ ಬಸಳೆಯ ದಂಟು ಟೀವಿಗೆ ಬೀಳುತ್ತಿತ್ತು. ನಮ್ಮ ಮನೆಮಾತು ತುಳು. ಆದರೆ ಟೀವಿಯವರಿಗೆ ತುಳು ಬರುವುದಿಲ್ಲ ಎಂದು ಅಜ್ಜಿಯ ಲೆಕ್ಕ. ಆದ್ದರಿಂದ ಬೈಗುಳವೆಲ್ಲ ಕನ್ನಡದಲ್ಲಿ. "ಆ ಅಂಪೈರಿಗೆ ಕಣ್ಣು ಕಾಣುದಿಲ್ವಾ?" ಎಂದು ಕೂಗುತ್ತಿದ್ದರು. ರೆಫರಿ ನೆಲಕ್ಕೆ ಕೈ ಬಡಿದು ಎಣಿಸಲು ಸುರು ಮಾಡಿದರೆ ಅಜ್ಜಿಯೂ ನೆಲಕ್ಕೆ ಕೈ ಬಡಿಯುತ್ತಿದ್ದರು, ಒಂದು, ಎರಡು, ಮೂರು. ಬೆನ್ನು ನೆಲಕ್ಕೆ ತಾಗಿ ಮೂರು ಎಣಿಸಿತೋ, ಮುಗಿಯಿತು. ಗೆದ್ದವನ ಕೈಯನ್ನು ರೆಫರಿ ಮೇಲೆತ್ತುವಾಗ ಅಜ್ಜಿಯ ಮುಖ ನೋಡಬೇಕಿತ್ತು ನೀವು.

ಒಂದು ದಿನ ಬೊಂಬಾಯಿಯಿಂದ ಬಂದ ಮಾಮ, ಅದೆಲ್ಲ ಸುಳ್ಳು, ಮೊದಲೇ ಮಾತಾಡಿಕೊಂಡಿರುತ್ತಾರೆ, ಯಾರಿಗೂ ಪೆಟ್ಟು ಬೀಳುವುದಿಲ್ಲ ಎಂದು ದೊಡ್ಡ ಗುಟ್ಟಿನಂತೆ ಹೇಳಿಬಿಟ್ಟ. ನಿಜವಾ ಎಂದು ನಾನು ಅಜ್ಜಿಯ ಕಡೆ ತಿರುಗಿದೆ. ಅಜ್ಜಿ ಮಾತ್ರ ಬಸಳೆಯಿಂದ ತಲೆ ಎತ್ತಲಿಲ್ಲ. ಆಟದಲ್ಲಿ ರಾಕ್ಷಸ ಸಾಯುವುದು ಸತ್ಯವಾ, ಮತ್ತೆ ನೀನು ಬೆಳಗಿನ ತನಕ ಕೂತು ಯಾಕೆ ನೋಡ್ತಿ ಎಂದು ಕೇಳಿದರು. ಮಾಮನಿಗೆ ಯಕ್ಷಗಾನದ ಹುಚ್ಚು. ಅಜ್ಜಿಗೆ ಗೊತ್ತಿತ್ತೇ, ಗೊತ್ತಿದ್ದೂ ಬಸಳೆ ಎಸೆಯುತ್ತಿದ್ದರೇ, ಅಥವಾ ಮಾಮನ ಬಾಯಿ ಮುಚ್ಚಿಸಲು ಹಾಗೆ ಹೇಳಿದರೇ? ನನಗೆ ಇವತ್ತಿಗೂ ಗೊತ್ತಿಲ್ಲ. ಅಂದು ಹುಟ್ಟಿದ ಆ ಸಂಶಯದ ಹುಳ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು, ಅದನ್ನು ತಲೆಯಲ್ಲಿಟ್ಟುಕೊಂಡೇ ನಾನು ಜರ್ಮನಿಗೆ ಬಂದೆ.

ಬಂದದ್ದು ಬ್ಲೂ ಕಾರ್ಡಿನಲ್ಲಿ, ಅಂದರೆ ಕಲಿತವರಿಗೆ ಇಲ್ಲಿ ಕೊಡುವ ಕೆಲಸದ ಪರವಾನಗಿಯಲ್ಲಿ. ಕಾರ್ಡು ನನ್ನದು, ಗಂಡ ನನ್ನ ಹಿಂದೆ ಬಂದವನು, ಇದನ್ನು ನಾನು ಆಗಾಗ ಅವನಿಗೆ ನೆನಪಿಸುತ್ತೇನೆ. ನನ್ನ ಕೆಲಸ ಕಂಪ್ಯೂಟರಿನೊಳಗೆ ಕಾರು ಡಿಕ್ಕಿ ಹೊಡೆಸುವುದು. ಗೋಡೆಗೆ ಗುದ್ದಿದರೆ ಬಾಗಿಲು ಎಷ್ಟು ಒಳಗೆ ಬರುತ್ತದೆ, ಒಳಗೆ ಕೂತವನ ಪಕ್ಕೆಲುಬಿಗೆ ಎಷ್ಟು ಪೆಟ್ಟು ಎಂದೆಲ್ಲ ನೋಡುವುದು. ಮಾಮನ ಭಾಷೆಯಲ್ಲಿ ಹೇಳುವುದಾದರೆ ನನಗೆ ಸಂಬಳ ಕೊಡುವುದೇ ಸುಳ್ಳು ಪೆಟ್ಟಿಗೆ.

ಬೊಬ್ಲಿಂಗೆನ್ನಿನ ನಮ್ಮ ಕಟ್ಟಡದಲ್ಲಿ ನಾವು ಎರಡನೇ ಮಾಳಿಗೆ. ನಮ್ಮ ಕೆಳಗೆ ಹೆರ್ ಮೌಖ್ ಎನ್ನುವ ಒಂಟಿ ಮುದುಕ. ಭಾನುವಾರ ಇಲ್ಲಿ ಇಡೀ ದಿನ ರೂಹೆಟ್ಸೈಟ್, ಅಂದರೆ ಸದ್ದು ಮಾಡಕೂಡದು. ನಾವು ಮಿಕ್ಸಿ ಹಾಕಿದರೆ ಸಾಕು, ಆತ ಪೊರಕೆಯ ಹಿಡಿಯಿಂದ ತನ್ನ ಮನೆಯ ಮಾಡಿಗೆ, ಅಂದರೆ ನಮ್ಮ ಕಾಲಡಿಗೆ, ಮೂರು ಸಲ ಕುಟ್ಟುತ್ತಿದ್ದ. ಎರಡಲ್ಲ, ನಾಲ್ಕಲ್ಲ, ಯಾವಾಗಲೂ ಮೂರು. ಹಾಗಾಗಿ ನಮ್ಮ ಮನೆಯಲ್ಲಿ ಭಾನುವಾರದ ಮಸಾಲೆ ಶನಿವಾರವೇ ಅರೆದು ಫ್ರಿಜ್ಜಿಗೆ ಹೋಗುತ್ತದೆ.

ನಮ್ಮ ಮೇಲಿನ ಮನೆಯಲ್ಲಿ ಲೆನ್ ಹಾಬ್ಡೇ ಮತ್ತು ಅವರ ಹೆಂಡತಿ ಹನ್ನೆಲೋರೆ. ಗಂಡ ಇಂಗ್ಲೆಂಡಿನವರು, ಹೆಂಡತಿ ಇಲ್ಲಿಯವರೇ. ನನಗೆ ಮೊದಲು ಪರಿಚಯವಾದದ್ದು ಹನ್ನೆಲೋರೆ, ಅದೂ ಕೇರ್‌ವೋಖೆಯ ದೆಸೆಯಿಂದ. ಕೇರ್‌ವೋಖೆ ಎಂದರೆ ಸರದಿಯ ಮೇಲೆ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸುವ ಈ ಸೀಮೆಯ ಪದ್ಧತಿ. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಹಲಗೆ ಬಂದು ಕೂರುತ್ತದೆ. ನಾನು ಅದನ್ನು ಯಾರೋ ತೂಗುಹಾಕಿದ ಅಲಂಕಾರ ಎಂದುಕೊಂಡು, ಬಾಗಿಲಿಗೆ ಚೆಂದ ಕಾಣುತ್ತದೆ ಅಂತ ಬಿಟ್ಟುಬಿಟ್ಟಿದ್ದೆ. ಹನ್ನೆಲೋರೆ ಬಂದು, ನನ್ನ ಮುಕ್ಕಾಲು ಜರ್ಮನ್ನಿಗೆ ತಕ್ಕ ಹಾಗೆ ನಿಧಾನವಾಗಿ, ಮೆಟ್ಟಿಲು ಒರೆಸುವುದು ಹೇಗೆ ಎಂದು ಮೇಲಿನಿಂದ ಕೆಳಗಿನ ತನಕ ತೋರಿಸಿಕೊಟ್ಟರು. ಆಗಲೂ ಅವರ ಮೊಣಕೈಯಲ್ಲಿ ಆ ಕಪ್ಪು ಬ್ಯಾಗು ಇತ್ತು. ಕೆಟ್ಟುಹೋಗುವವರೆಗೆ ವಸ್ತುವನ್ನು ಬಿಸಾಡುವ ಜಾತಿ ಅವರದ್ದಲ್ಲ.

ಲೆನ್ ವಿಷಯದಲ್ಲಿ ನನ್ನ ಕುತೂಹಲ ಕೆರಳಿಸಿದ್ದು ಅವರ ಕಿವಿ. ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎರಡೂ ಮುದುಡಿಕೊಂಡಿದ್ದವು. ಅದರ ಬಗ್ಗೆ ಅವರನ್ನು ಕೇಳುವುದು ಹೇಗೆ? ಒಂದು ದಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ ತರಲು ಹೋದಾಗ, ಪಕ್ಕದ ಅವರ ಉಗ್ರಾಣದ ಗೂಡಿನ ಮರದ ಜಾಲರಿಯ ಆಚೆ ಹಳೆಯ ಪೋಸ್ಟರು ಕಂಡಿತು. ಬಿಳಿ ಚಡ್ಡಿಯ ಗಟ್ಟಿ ಹುಡುಗನೊಬ್ಬ ಕೈ ಕಟ್ಟಿ ನಿಂತಿದ್ದ. ಕಿವಿ ಅದೇ. ಅಷ್ಟರಲ್ಲಿ ಲೆನ್ ತಾವೇ ಕೆಳಗೆ ಬಂದರು, ಹೌದು, ನಾನೇ, ಕುಸ್ತಿ ಮಾಡ್ತಿದ್ದೆ ಎಂದರು. ಸಂತೋಷದಲ್ಲಿ ನನಗೆ ಮೈ ಮೇಲೆ ಪ್ರಜ್ಞೆಯೇ ಇರಲಿಲ್ಲ. ಬಾಯಿಂದ ಬಂದ ಮೊದಲ ಪ್ರಶ್ನೆ, "ನಿಮ್ಮ ಎದೆ ಎಷ್ಟು ಇಂಚು?"

ಎಪ್ಪತ್ತು ದಾಟಿದ ಗಂಡಸಿನ ಹತ್ತಿರ, ಕತ್ತಲ ನೆಲಮಾಳಿಗೆಯಲ್ಲಿ, ಕೈಯಲ್ಲಿ ಆಲೂಗಡ್ಡೆ ಹಿಡಿದುಕೊಂಡ ಹೆಂಗಸು ಕೇಳುವ ಪ್ರಶ್ನೆಯೇ ಅದು? ಪ್ರವೀಣ ಇದನ್ನು ಈಗಲೂ ಎಲ್ಲರಿಗೂ ಹೇಳುತ್ತಾನೆ. ಲೆನ್ ಮಾತ್ರ ಬೇಸರಿಸದೆ ನೆಟ್ಟಗೆ ನಿಂತು ನಲವತ್ತೆಂಟು ಎಂದರು. ಟ್ರಂಪ್ ಕಾರ್ಡಿನ ಲೆಕ್ಕದಲ್ಲಿ ಪರವಾಗಿಲ್ಲ.

ಆಮೇಲೆ ನಮಗೆ ನೆಲಮಾಳಿಗೆಯೇ ಹರಟೆಕಟ್ಟೆ. ಅವರ ಕಾಲದ ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಟೀವಿಯಲ್ಲಿ ಕುಸ್ತಿ ಬರುತ್ತಿತ್ತಂತೆ, ಆ ಹೊತ್ತಿಗೆ ಬೀದಿಯೆಲ್ಲ ಖಾಲಿ. ವಾರದ ಉಳಿದ ದಿನ ಊರೂರು ಸುತ್ತಾಟ. ಟೌನ್‌ಹಾಲುಗಳಲ್ಲಿ ಪಂದ್ಯ, ಚಳಿಗಾಲವಾದರೆ ಸಾರ್ವಜನಿಕ ಈಜುಕೊಳದ ಮೇಲೆ ಹಲಗೆ ಹಾಸಿ, ಅದರ ಮೇಲೆ ಅಖಾಡ ಕಟ್ಟುವುದು. ಸೋತು ಬಿದ್ದಾಗ ಹಲಗೆಯ ಸಂದಿಯಿಂದ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು ಎಂದು ಲೆನ್ ಹೇಳಿದಾಗ ನನಗೆ ಆ ವಾಸನೆ ಬಂದಂತೆಯೇ ಆಯಿತು. ಮೊದಲ ಸಾಲಿನಲ್ಲಿ ಕೂರುವವರು ಯಾರು ಗೊತ್ತೇ? ಅಜ್ಜಿಯರು. ಸ್ವೆಟರು ಹೆಣೆಯುತ್ತಾ ಕೂತಿದ್ದವರು ಕೆಟ್ಟವನು ಹಗ್ಗದ ಹತ್ತಿರ ಬಂದರೆ ಟೋಪಿಯ ಪಿನ್ನು ತೆಗೆದು ಅವನ ತೊಡೆಗೆ ಚುಚ್ಚುತ್ತಿದ್ದರಂತೆ, ಬ್ಯಾಗಿನಿಂದ ಬಾರಿಸುತ್ತಿದ್ದರಂತೆ. ನನ್ನ ಅಜ್ಜಿಯ ಬಸಳೆ ದಂಟಿನ ಕತೆ ಹೇಳಿದೆ. ಅವರು ಬಹಳ ಗೌರವದಿಂದ ತಲೆ ಅಲ್ಲಾಡಿಸಿದರು.

ಮತ್ತೊಂದು ಪದ್ಧತಿಯನ್ನೂ ಹೇಳಿದರು. ಒಳ್ಳೆಯವನೂ ಕೆಟ್ಟವನೂ ಜನರ ಕಣ್ಣಿಗೆ ಒಟ್ಟಿಗೆ ಬೀಳಬಾರದು. ಒಂದೇ ಕಾರಿನಲ್ಲಿ ಬಂದರೂ ಟೌನ್‌ಹಾಲಿನ ಹಿಂದಿನ ತಿರುವಿನಲ್ಲಿ ಕೆಟ್ಟವನು ಇಳಿದು, ಮಳೆ ಬಂದರೆ ನೆನೆದುಕೊಂಡು, ನಡೆದು ಬರಬೇಕು. ಹೋಟೆಲಿನಲ್ಲಿ ಒಂದೇ ಮೇಜಿನಲ್ಲಿ ಚಹಾ ಕುಡಿಯುವ ಹಾಗಿಲ್ಲ. ಯಾಕೆ ಹಾಗೆ ಎಂದು ಕೇಳಿದೆ. ಲೆನ್ ಆಲೂಗಡ್ಡೆಯ ಚೀಲ ನೋಡುತ್ತಾ, ಪದ್ಧತಿ ಎಂದರು.

ನನ್ನ ಹುಳ ಎದ್ದು ಕೂತಿತು. ಹಾಗಾದರೆ ಮೊದಲೇ ಮಾತಾಡಿಕೊಂಡಿರುತ್ತಿದ್ದಿರಾ ಎಂದು ಕೇಳಿಯೇಬಿಟ್ಟೆ. ಲೆನ್ ಸಿಟ್ಟಾಗಲಿಲ್ಲ, ನಗಲೂ ಇಲ್ಲ. ನಾವು ಮೊದಲ ಆರು ತಿಂಗಳು ಬೀಳುವುದನ್ನೇ ಕಲಿಯುತ್ತಿದ್ದೆವು ಎಂದು ಮಾತು ತಿರುಗಿಸಿದರು. ಗದ್ದ ಎದೆಗೆ ಒತ್ತಬೇಕು, ಬೆನ್ನು ಪೂರ್ತಿ ಒಟ್ಟಿಗೆ ತಾಗಬೇಕು, ಅದೇ ಹೊತ್ತಿಗೆ ಅಂಗೈ ನೆಲಕ್ಕೆ ಬಡಿಯಬೇಕು. ಸದ್ದು ದೊಡ್ಡದು, ನೋವು ಸಣ್ಣದು. ಪೆಟ್ಟನ್ನು ಹರಡಿ ಹಂಚುವುದು ನನ್ನ ಕಸುಬಿನ ಲೆಕ್ಕವೂ ಹೌದಾದ್ದರಿಂದ ಒಪ್ಪಿಕೊಂಡೆ. ಆದರೆ ಕೇಳಿದ್ದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಲೆನ್ ಒಳ್ಳೆಯವನಾದರೆ ಅವರಿಗೆ ಜೋಡಿಯಾಗಿ ಎದುರು ನಿಲ್ಲುತ್ತಿದ್ದ ಕೆಟ್ಟವನ ಹೆಸರು ಡೆಸ್. ಬೇಸಿಗೆಯಲ್ಲಿ ಇಬ್ಬರೂ ಜರ್ಮನಿಗೆ ಬರುತ್ತಿದ್ದರು. ಇಲ್ಲಿ ಮೈದಾನದಲ್ಲಿ ದೊಡ್ಡ ಟೆಂಟು ಹಾಕಿ, ವಾರಗಟ್ಟಲೆ ಅಲ್ಲೇ ಪಂದ್ಯ. ಕುಸ್ತಿಯವರಿಗೆ ಹಿಂದುಗಡೆ ಗಾಲಿಮನೆಗಳಲ್ಲಿ ವಾಸ. ಸ್ಟುಟ್‌ಗಾರ್ಟ್‌ನ ಟೆಂಟಿನ ಬಾಗಿಲಲ್ಲಿ ಬ್ರೆಟ್ಸೆಲ್ ಎನ್ನುವ ಗಂಟು ಹಾಕಿದ ಬ್ರೆಡ್ಡು ಮಾರುತ್ತಿದ್ದ ಹುಡುಗಿಯೇ ಹನ್ನೆಲೋರೆ. ಲೆನ್ ಜೊತೆ ಮದುವೆ ಗೊತ್ತಾದ ಮೇಲೆ ಮೊದಲ ಸಾಲಿನಲ್ಲಿ ಅವರಿಗೊಂದು ಕುರ್ಚಿ. ಒಂದು ಸಂಜೆ ಡೆಸ್ ಲೆನ್ನಿನ ತೋಳು ತಿರುಚಿ ಬಿಡಲೇ ಇಲ್ಲ. ಹುಡುಗಿ ಎದ್ದು, ಹಗ್ಗದ ಮೇಲಿಂದ ಬಗ್ಗಿ, ಬ್ಯಾಗಿನಿಂದ ಡೆಸ್‌ನ ಹಣೆಗೆ ಬಾರಿಸಿದಳು. ಹಿತ್ತಾಳೆಯ ಕೊಂಡಿ ಹುಬ್ಬು ಸೀಳಿತು. ಆ ಸಂಜೆ ಅಲ್ಲಿ ಹರಿದ ನೆತ್ತರೆಂದರೆ ಅದೊಂದೇ.

ಅಂದಿನಿಂದ ಹನ್ನೆಲೋರೆಯ ಎದುರು ಡೆಸ್ ಹೆಸರೆತ್ತುವ ಹಾಗಿಲ್ಲ. ಮದುವೆಗೆ ಸಾಕ್ಷಿಯಾಗಿ ನಿಲ್ಲಬೇಕಾಗಿದ್ದ ಗೆಳೆಯ ಡೆಸ್ ನೋಂದಣಿ ಕಚೇರಿಯ ಎದುರಿನ ರಸ್ತೆಯಲ್ಲಿ ಮರದ ಹಿಂದೆ ನಿಂತು ನೋಡಿ ಹೋದನಂತೆ. ಇಷ್ಟು ವರ್ಷವೂ ಲೆನ್ ಅವನನ್ನು ಕದ್ದೇ ಭೇಟಿಯಾಗಿದ್ದಾರೆ, ರೈಲ್ವೆ ಸ್ಟೇಷನ್ನಿನ ಕಾಫಿ ಅಂಗಡಿಯಲ್ಲಿ, ಅಪರಾಧಿಗಳ ಹಾಗೆ. ಈಗ ಡೆಸ್ ಮಗಳ ಮನೆಗೆಂದು ಜರ್ಮನಿಯದ್ದೇ ಉಂಟರ್‌ಫ್ಯೋರಿಂಗ್ ಎನ್ನುವ ಊರಿಗೆ ಬಂದಿದ್ದಾನೆ. ಸೊಂಟ ಕೆಟ್ಟಿದೆ, ಇದೇ ಕೊನೆಯ ಭೇಟಿ, ಇನ್ನು ವಿಮಾನ ಹತ್ತಿ ಬರಬಾರದು ಎಂದು ಮಗಳು ಖಂಡಿತ ಹೇಳಿದ್ದಾಳೆ. ಇದನ್ನೆಲ್ಲ ಹೇಳುವಾಗ ಲೆನ್ ದನಿ ಸಣ್ಣದಾಗಿತ್ತು. ಇಂಗ್ಲಿಷಿನಲ್ಲೇ ಹೇಳಿದ್ದು, ನನಗೆ ಮಾತ್ರ ನಮ್ಮೂರಿನ ಕನ್ನಡದಲ್ಲಿ ಕೇಳಿಸಿತು. "ಒಂದು ಸಲ ನಾವು ಮೂವರು ಒಂದೇ ಮೇಜಿನಲ್ಲಿ ಕೂತು ಊಟ ಮಾಡ್ಬೇಕು. ಅಷ್ಟೇ ನಂಗೆ ಬೇಕಾದ್ದು. ಆದ್ರೆ ಅವಳು ಬಾಗಿಲು ತೆಗಿಯುದಿಲ್ಲ."

ಹೆಂಡತಿಗೆ ಸತ್ಯ ಹೇಳಿಬಿಡಿ, ಮುಗಿಯಿತಲ್ಲ ಎಂದೆ. ಯಾವ ಸತ್ಯ ಎಂದು ಅವರು ಕೇಳಿದರು. ಎಂಥಾ ಆಸಾಮಿ ನೋಡಿ! ಪದ್ಧತಿ ಅಂದರೆ ಪದ್ಧತಿ. ಟೆಂಟು ಬಿಚ್ಚಿ, ಆ ಕುಸ್ತಿಯೇ ನಿಂತುಹೋಗಿ ವರ್ಷಗಳಾದರೂ ಇವರ ಬಾಯಿ ಮಾತ್ರ ತೆರೆಯುವುದಿಲ್ಲ.

ಅದೇ ವಾರ ಬಟ್ಟೆ ಒಗೆಯುವ ಕೋಣೆಯಲ್ಲಿ ಹನ್ನೆಲೋರೆ ಸಿಕ್ಕಿದರು. ನಾನು ಮೆಲ್ಲಗೆ, ಏನೂ ಗೊತ್ತಿಲ್ಲದವಳಂತೆ, ಡೆಸ್ ಅಂದರೆ ಯಾರು ಎಂದು ಕೇಳಿದೆ. ಅವರು ಒದ್ದೆ ಟವೆಲನ್ನು ಒಮ್ಮೆ ಜೋರಾಗಿ ಕೊಡವಿದರು. ಆಮೇಲೆ, ನನಗೆ ಅರ್ಥವಾಗಲಿ ಎಂದು ನಿಧಾನವಾಗಿ ಹೇಳಿದರು.

"ಬೇರೆಯವರ ಜೊತೆ ಆಡಿದ ದಿನ ಲೆನ್ ಮೈಯೆಲ್ಲ ನೀಲಿ. ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದದ್ದು ನಾನಲ್ವಾ? ಡೆಸ್ ಜೊತೆ ಆಡಿದ ದಿನ ಮಾತ್ರ ಒಂದು ಗೀರು ಇರ್ಲಿಲ್ಲ. ಟೆಂಟಿನಲ್ಲಿ ಎಲ್ಲರಿಗಿಂತ ಜೋರು ಹೊಡಿತಿದ್ದವನು ಅವನೇ. ನಾನೇನು ದಡ್ಡಿಯಾ?"

ಹಾಗಾದರೆ ಈ ಹಗೆ ಯಾಕೆ ಎಂದು ಕೇಳಿದೆ.

"ಡೆಸ್ ಮೇಲೆ ನಂಗೇನೂ ಇಲ್ಲ. ಟಿಕೆಟ್ ತಗೊಂಡು ಬಂದವರಿಗೆ ಹೇಳಿದ ಕತೆಯನ್ನೇ ಲೆನ್ ಹೆಂಡತಿಗೂ ಹೇಳ್ತಾನಲ್ಲ, ಇಷ್ಟು ವರ್ಷ! ಅವನೇ ಬಾಯಿಬಿಟ್ಟು ಹೇಳ್ಲಿ. ಅಲ್ಲಿವರೆಗೆ ಆ ಮನುಷ್ಯ ನನ್ನ ಮನೆಗೆ ಬರುದು ಬೇಡ." ಹೇಳುತ್ತಾ ಅವರ ಕಣ್ಣು ತುಂಬಿತು. ನಾನು ಕ್ಲಿಪ್ಪು ಹುಡುಕುವ ನೆವದಲ್ಲಿ ಬಕೆಟ್ಟಿಗೆ ಬಗ್ಗಿದೆ.

ಈಗ ನನ್ನ ಅವಸ್ಥೆ ಯೋಚಿಸಿ. ಕೆಳಗಿನ ಗೂಡಿನಲ್ಲಿ ಗಂಡನ ಗುಟ್ಟು, ಪಕ್ಕದ ಕೋಣೆಯಲ್ಲಿ ಹೆಂಡತಿಯ ಗುಟ್ಟು, ನಡುವೆ ಹೊಟ್ಟೆ ಉಬ್ಬರಿಸಿಕೊಂಡ ನಾನು. ಯಾರದ್ದನ್ನೂ ಯಾರಿಗೂ ಹೇಳುವ ಹಾಗಿಲ್ಲ. ಪ್ರವೀಣನಿಗೆ ಹೇಳಿದೆ. ಗಂಡನಿಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಅವನು ಜರ್ಮನ್ ವ್ಯಾಕರಣದ ಪುಸ್ತಕದಿಂದ ಮುಖ ಎತ್ತಿ, "ನಿಂಗೆ ಯಾಕೆ ಮಾರಾಯ್ತಿ ಊರ ಉಸಾಬರಿ? ಬ್ಲೂ ಕಾರ್ಡ್ ಕೊಟ್ಟದ್ದು ಕಾರ್ ಗುದ್ಲಿಕ್ಕೆ, ಮನುಷ್ಯರನ್ನು ಗುದ್ದಿಸ್ಲಿಕ್ಕೆ ಅಲ್ಲ" ಎಂದ.

ಬುದ್ಧಿವಂತರಾದವರು ಅಲ್ಲಿಗೆ ಬಿಡುತ್ತಿದ್ದರು. ನಾನು ಮೂವರನ್ನೂ ಭಾನುವಾರ ನಮ್ಮ ಮನೆಗೆ ಊಟಕ್ಕೆ ಕರೆದೆ. ಅವರ ಮನೆಯ ಬಾಗಿಲು ತಾನೇ ತೆರೆಯುವುದಿಲ್ಲ? ನಮ್ಮದು ತೆರೆದೇ ಇದೆಯಲ್ಲ. ಹನ್ನೆಲೋರೆಗೆ ಮಾತ್ರ ಐದನೆಯ ತಟ್ಟೆ ಯಾರದ್ದೆಂದು ಹೇಳಲಿಲ್ಲ. ನಮ್ಮಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಹೀಗೆಯೇ ಒಂದೇ ಪಂಕ್ತಿಯಲ್ಲಿ ಕೂರಿಸುವುದು. ಎಲೆಗೆ ಅನ್ನ ಬಿದ್ದ ಮೇಲೆ ಯಾರು ಏಳುತ್ತಾರೆ? ಈ ದೇಶದಲ್ಲಿ ಊಟದ ಮಧ್ಯೆ ಎದ್ದು ಹೋಗಲು ಯಾವ ಸಂಕೋಚವೂ ಇಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಕೋಳಿ ಸಾರಿನ ಮಸಾಲೆ ಶನಿವಾರವೇ ಅರೆದಿಟ್ಟೆ. ಭಾನುವಾರ ಮಧ್ಯಾಹ್ನ ಡೆಸ್ ಮೊದಲು ಬಂದರು. ನಾನು ಕರಿ ಚಡ್ಡಿಯ ರಾಕ್ಷಸನನ್ನು ಕಾಯುತ್ತಿದ್ದೆ. ಬಂದವರು ಬೂದು ಬಣ್ಣದ ಸ್ವೆಟರು ತೊಟ್ಟು, ಕಿವಿಗೆ ಯಂತ್ರ ಹಾಕಿಕೊಂಡ, ಕೈಯಲ್ಲಿ ಹೂವಿನ ಕುಂಡ ಹಿಡಿದ ಮೆದು ಮನುಷ್ಯ. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಬಿಳಿ ಗೆರೆ. ಹಿಂದೆಯೇ ಲೆನ್, ಅವರ ಹಿಂದೆ ಮೊಣಕೈಗೆ ಬ್ಯಾಗು ಸಿಕ್ಕಿಸಿಕೊಂಡ ಹನ್ನೆಲೋರೆ.

ಹನ್ನೆಲೋರೆ ಹೊಸ್ತಿಲಲ್ಲಿ ನಿಂತುಬಿಟ್ಟರು. ಆ ಹುಬ್ಬು ನೋಡಿದರು. ನನ್ನನ್ನು ನೋಡಿದರು. ನಾನು ನೀರ್ ದೋಸೆ ಹೊತ್ತುತ್ತದೆ ಎಂದು ಅಡುಗೆಮನೆಗೆ ಓಡಿದೆ, ಓಡಿದವಳು ಬಾಗಿಲ ಸಂದಿಯಲ್ಲೇ ನಿಂತೆ. ಪ್ರವೀಣ ಪುಣ್ಯಾತ್ಮ ಎಲ್ಲರಿಗೂ ಕುರ್ಚಿ ಎಳೆದುಕೊಟ್ಟ. ಎಲ್ಲರೂ ಕೂತರು. ದೋಸೆ ಬಡಿಸಿದೆ. ಯಾರೂ ಮುಟ್ಟಲಿಲ್ಲ.

ಡೆಸ್ ಎದ್ದು ನಿಂತು, ಮುರುಕು ಜರ್ಮನ್ನಿನಲ್ಲಿ, ಊರಿನಿಂದಲೇ ಕಲಿತುಕೊಂಡು ಬಂದಂತೆ ಹೇಳಿದರು. ನಿಮ್ಮ ಗಂಡನಿಗೆ ನಾನು ಬಹಳ ಹೊಡೆದಿದ್ದೇನೆ, ಫ್ರಾವ್ ಹಾಬ್ಡೇ, ಕ್ಷಮೆ ಇರಲಿ. ಪದ್ಧತಿ! ಕ್ಷಮೆ ಕೇಳುವುದಕ್ಕೂ ವೇಷ ಬಿಚ್ಚಲಿಲ್ಲ ಆ ಮನುಷ್ಯ.

ಹನ್ನೆಲೋರೆ ಅವರ ಕಡೆ ನೋಡಲೇ ಇಲ್ಲ. ಗಂಡನ ಕಡೆ ತಿರುಗಿದರು. "ಲೆನ್, ಇವರು ನಿಂಗೆ ನಿಜವಾಗಿ ಹೊಡೆದಿದ್ದಾರಾ?"

ಲೆನ್ ಬಾಯಿ ತೆರೆದರು, ಮುಚ್ಚಿದರು. ಡೆಸ್ ಕಡೆ ನೋಡಿದರು. ಡೆಸ್ ನಮ್ಮ ದೀಪದ ಬಲ್ಬು ನೋಡಿದರು. ಹೇಳಿ ಮಾರಾಯ್ರೇ, ಒಂದು ಮಾತು, ಅಲ್ಲ ಎಂದು ಹೇಳಿಬಿಡಿ ಎಂದು ನಾನು ಒಳಗೊಳಗೇ ಚಡಪಡಿಸುತ್ತಿದ್ದೆ. ಸೌಟಿನಿಂದ ಹಿಟ್ಟು ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಲೆನ್ ಮುಖ ಕೆಂಪಾಯಿತು, ಕಣ್ಣಲ್ಲಿ ನೀರಾಡಿತು.

ಹನ್ನೆಲೋರೆ ಬ್ಯಾಗು ಎತ್ತಿಕೊಂಡು ಎದ್ದರು. ಎಲ್ಲ ಮುಗಿಯಿತು, ಮಾಡಿದ್ದುಣ್ಣು ಎಂದು ನನಗೆ ನಾನೇ ಹೇಳಿಕೊಂಡೆ. ಲೆನ್ ಧಡಕ್ಕನೆ ಎದ್ದು ಬಾಗಿಲಿಗೆ ಅಡ್ಡ ನಿಂತರು. ಹನ್ನೆಲೋರೆ ಒಂದು ಕ್ಷಣ ಅವರನ್ನೇ ನೋಡಿ, ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದರು. ಆದರೆ ವಯಸ್ಸಾಯಿತಲ್ಲ. ಬ್ಯಾಗು ಲೆನ್ ಮುಖದಿಂದ ಒಂದು ಮೊಳ ದೂರದಲ್ಲೇ, ಗಾಳಿಯಲ್ಲಿ ಹಾದುಹೋಯಿತು.

ಲೆನ್ ಬಿದ್ದರು.

ಗದ್ದ ಎದೆಗೆ ಒತ್ತಿ, ಅಂಗೈ ನೆಲಕ್ಕೆ ಬಡಿದು, ಬೆನ್ನು ಪೂರ್ತಿ ಒಟ್ಟಿಗೆ ತಾಗುವ ಹಾಗೆ ಧೊಪ್ಪೆಂದು ಬಿದ್ದು, ಹಣೆ ಹಿಡಿದುಕೊಂಡು ನರಳಿದರು. ಕಪಾಟಿನ ಲೋಟಗಳೆಲ್ಲ ಗಲಗಲ ಎಂದವು. ಬೇಕೆಂದು ಬಿದ್ದರೋ, ಕೈಕಾಲಿಗೆ ಹತ್ತಿದ ಅಭ್ಯಾಸವೇ ಬೀಳಿಸಿತೋ, ಅದನ್ನೂ ನಾನು ಮತ್ತೆ ಕೇಳಿದ್ದೇನೆ, ಅದಕ್ಕೂ ಉತ್ತರ ಸಿಕ್ಕಿಲ್ಲ. ನೆಲಹಾಸಿನ ಮೇಲೆ ಮಲಗಿದ್ದವರು ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು.

ಹನ್ನೆಲೋರೆ ಬ್ಯಾಗು ನೋಡಿದರು, ಗಂಡನನ್ನು ನೋಡಿದರು, ನಡುವಿನ ಆ ಖಾಲಿ ಜಾಗ ನೋಡಿದರು. "ಅಂತೂ ಹೇಳಿದಿಯಲ್ಲ" ಎಂದರು. ಆಮೇಲೆ ನಗಲು ಸುರು ಮಾಡಿದರು, ಕಣ್ಣೀರು ಇಳಿಯುವವರೆಗೆ.

ಅಷ್ಟರಲ್ಲಿ ಕೆಳಗಿನಿಂದ ಹೆರ್ ಮೌಖ್ ಪೊರಕೆಯ ಹಿಡಿ ಕುಟ್ಟಿದ. ಒಂದು. ಎರಡು. ಮೂರು.

ಡೆಸ್ ಕುಂಟುತ್ತಾ ಮೇಜು ಸುತ್ತಿ ಬಂದು ಹನ್ನೆಲೋರೆಯ ಕೈಯನ್ನು ರೆಫರಿಯ ಹಾಗೆ ಮೇಲೆತ್ತಿದರು. ಆ ಕೈಯಲ್ಲಿ ಬ್ಯಾಗು ಇನ್ನೂ ತೂಗಾಡುತ್ತಿತ್ತು.